ಸಂಕ್ರಾಂತಿ ಜಾರಿದ ಲೆಕ್ಕ

ಸೂರ್ಯಸಿದ್ಧಾಂತದ ಹನ್ನೆರಡನೆಯ ಅಧ್ಯಾಯ ಭೂಗೋಳದ್ದು. ಬೇಸಿಗೆ ಏಕೆ ಸುಡುತ್ತದೆ, ಹೇಮಂತದ ಬಿಸಿಲು ಏಕೆ ಮೈಗೆ ತಾಗುವುದಿಲ್ಲ ಎಂಬುದಕ್ಕೆ ಅಲ್ಲಿ ಒಂದೇ ಶ್ಲೋಕದ ಉತ್ತರವಿದೆ. ಗ್ರೀಷ್ಮದಲ್ಲಿ ಸೂರ್ಯ ದೇವತೆಗಳ ಭಾಗಕ್ಕೆ ತೀರ ಹತ್ತಿರವಾಗುತ್ತಾನೆ, ಅದಕ್ಕೇ ಅಲ್ಲಿ ಕಿರಣ ತೀಕ್ಷ್ಣ. ಹೇಮಂತದಲ್ಲಿ ಅಸುರರ ಭಾಗಕ್ಕೆ ಹತ್ತಿರವಾಗುತ್ತಾನೆ, ಆಗ ಇಲ್ಲಿ ಮಂದ. ಮೇರುವಿರುವ ಉತ್ತರ ಗೋಲಾರ್ಧ ದೇವತೆಗಳದ್ದು, ದಕ್ಷಿಣದ್ದು ಅಸುರರದ್ದು.

ಎಬೆನೆಜರ್ ಬರ್ಜೆಸ್ 1860ರಲ್ಲಿ ಹೊರತಂದ ಇಂಗ್ಲಿಷ್ ಅನುವಾದದಲ್ಲಿ ಈ ಶ್ಲೋಕ ಕಣ್ಣಿಗೆ ಬಿದ್ದಾಗ ನನ್ನ ಹುಡುಕಾಟ ಶುರುವಾಯಿತು. ಸೂರ್ಯ ಹತ್ತಿರ ಬಂದರೆ ಬೇಸಿಗೆ, ದೂರ ಹೋದರೆ ಚಳಿಗಾಲ ಎನ್ನುವುದು ಇಂದಿಗೂ ಶಾಲೆಯ ಮಕ್ಕಳಷ್ಟೇ ಅಲ್ಲ, ಓದಿದ ದೊಡ್ಡವರೂ ಥಟ್ಟನೆ ಕೊಡುವ ಉತ್ತರ. ಅದು ತಪ್ಪೆಂದು ತೋರಿಸಲು ಪಂಚಾಂಗವೇನೂ ಬೇಡ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.71 ಕೋಟಿ ಕಿಲೋಮೀಟರಿಗೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, 15.21 ಕೋಟಿ ಕಿಲೋಮೀಟರಿಗೆ. ಜುಲೈಗಿಂತ ಜನವರಿಯಲ್ಲಿ ಭೂಮಿಗೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಬಿಸಿಲು ಸಿಗುತ್ತದೆ. ಆದರೂ ಆಗಲೇ ಬೀದರಿನಲ್ಲಿ ಜನ ಬೆಂಕಿ ಕಾಯಿಸುತ್ತಾರೆ, ಸಿಡ್ನಿಯಲ್ಲಿ ಸಮುದ್ರಕ್ಕೆ ಇಳಿಯುತ್ತಾರೆ.

ಹಾಗಾದರೆ ಸಿದ್ಧಾಂತಕಾರರೂ ಇದೇ ಬಲೆಗೆ ಬಿದ್ದರೇ? ಉತ್ತರ ಅದೇ ಗ್ರಂಥದ ಬೇರೆ ಮೂಲೆಯಲ್ಲಿತ್ತು. ಸೂರ್ಯ ವರ್ಷವಿಡೀ ಒಂದೇ ವೇಗದಲ್ಲಿ ಸಾಗುವುದಿಲ್ಲ. ಅವನು ತೀರ ನಿಧಾನವಾಗುವ, ಅಂದರೆ ನಮ್ಮಿಂದ ಅತಿ ದೂರವಿರುವ ಬಿಂದುವಿಗೆ ಮಂದೋಚ್ಚ ಎಂದು ಹೆಸರು. ಆರ್ಯಭಟ ಅದನ್ನು 78 ಅಂಶದಲ್ಲಿಟ್ಟ. ಸೂರ್ಯಸಿದ್ಧಾಂತದ ಲೆಕ್ಕ ಹಾಕಿದರೆ 77 ಅಂಶ ಬರುತ್ತದೆ. ಎರಡೂ ಮಿಥುನ ರಾಶಿಯೊಳಗೆ. ಗ್ರಹಣದ ಅಧ್ಯಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ದಿನದ ಗತಿಗೆ ತಕ್ಕಂತೆ ಸೂರ್ಯಬಿಂಬದ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಬೇಕೆಂದು ಹೇಳಿದೆ. ಗತಿ ಕಡಿಮೆಯಾದರೆ ಬಿಂಬ ಚಿಕ್ಕದು. ಮಿಥುನದ ಸೂರ್ಯ ದೂರದವನು, ಚಿಕ್ಕವನು ಎಂದು ಗಣಿತಕ್ಕೆ ಇಳಿಸಿಟ್ಟವರು, ಅದೇ ಮಿಥುನದ ಬಿಸಿಲಿಗೆ ದೂರ ಕಡಿಮೆಯಾದದ್ದೇ ಕಾರಣ ಎಂದು ಹೇಳಿರಲಾರರು. ಅವರು ಹೇಳುವ ಹತ್ತಿರ ಭೂಮಿಗೂ ಸೂರ್ಯನಿಗೂ ನಡುವಿನ ಯೋಜನಗಳದ್ದಲ್ಲ. ಸೂರ್ಯ ವಿಷುವದ್ವೃತ್ತ ದಾಟಿ ಉತ್ತರಕ್ಕೆ ಸರಿದು, ಉತ್ತರದವರ ನೆತ್ತಿಯ ಸಮೀಪಕ್ಕೆ ಬರುವುದು. ಅದೇ ಅಧ್ಯಾಯದಲ್ಲಿ ಮೇರುವಿನ ಮೇಲಿರುವವರಿಗೆ ಮೇಷದಿಂದ ಆರು ತಿಂಗಳು ಸೂರ್ಯ ಮುಳುಗುವುದೇ ಇಲ್ಲ ಎಂದಿರುವುದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ಭೂಮಿ ನಿಂತಿದೆ, ಸೂರ್ಯನ ದಾರಿ ಓರೆಯಾಗಿದೆ ಎನ್ನುವುದು ಅವರ ಚಿತ್ರ; ಸೂರ್ಯನನ್ನು ಸುತ್ತುವ ಭೂಮಿಯ ಅಕ್ಷ ಓರೆಯಾಗಿದೆ ಎನ್ನುವುದು ನಮ್ಮದು. ನೆರಳು ಎಷ್ಟು ಉದ್ದ ಬೀಳುತ್ತದೆ ಎನ್ನುವ ಲೆಕ್ಕಕ್ಕೆ ಎರಡೂ ಒಂದೇ.

ಆ ಓರೆ ಎಷ್ಟು? ಸೂರ್ಯಸಿದ್ಧಾಂತದ ಪ್ರಕಾರ ಪರಮಕ್ರಾಂತಿಯ ಜ್ಯಾ 1397, ತ್ರಿಜ್ಯ 3438. ಅಂದರೆ ಸರಿಯಾಗಿ 24 ಅಂಶ. ಇಂದಿನ ಅಳತೆ 23.44 ಅಂಶ. ಈ ಓರೆ ನೂರು ವರ್ಷಕ್ಕೆ ಸುಮಾರು 47 ವಿಕಲೆಯಷ್ಟು ಕುಗ್ಗುತ್ತಿದೆ. ಹಿಂದಕ್ಕೆ ಲೆಕ್ಕ ಹಾಕಿದರೆ 24 ಅಂಶ ಇದ್ದದ್ದು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ. ಆದ್ದರಿಂದ ಗ್ರಂಥವೂ ಅಷ್ಟು ಹಳೆಯದು ಎಂಬ ವಾದವನ್ನು ನಾನು ಕೇಳಿದ್ದೇನೆ. ಇದು ನಿಲ್ಲುವ ವಾದವಲ್ಲ. ಕ್ರಿ.ಶ. 500ರ ಹೊತ್ತಿಗೆ ನಿಜವಾದ ಬೆಲೆ 23 ಅಂಶ 38 ಕಲೆಯ ಆಸುಪಾಸು. ಶಂಕುವಿನ ನೆರಳು ಅಳೆದು, ಜ್ಯಾ ಕೋಷ್ಟಕಕ್ಕೆ ಹೊಂದುವ ಪೂರ್ಣ ಸಂಖ್ಯೆಗೆ ಏರಿಸಿದರೆ 24 ಬರುತ್ತದೆ. ಲೆಕ್ಕಿಗರು ಮಾಡುವ ಕೆಲಸವೇ ಅದು.

ಇಷ್ಟು ಓರೆ ಋತುವನ್ನು ಹೇಗೆ ಹುಟ್ಟಿಸುತ್ತದೆ ಎಂಬುದನ್ನು ಬೆಂಗಳೂರಿನ ಮಟ್ಟಿಗೆ ನೋಡೋಣ. ಡಿಸೆಂಬರ್ 21ರ ನಡುಹಗಲು ಇಲ್ಲಿ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53.6 ಅಂಶ ಎತ್ತರದಲ್ಲಿರುತ್ತಾನೆ. ಓರೆಯಾಗಿ ಬಿದ್ದ ಬಿಸಿಲು ಹೆಚ್ಚು ನೆಲಕ್ಕೆ ಹರಡಿಕೊಳ್ಳುವುದರಿಂದ, ನೆತ್ತಿಯ ಬಿಸಿಲಿಗೆ ಹೋಲಿಸಿದರೆ ಒಂದು ಚದರ ಅಡಿಗೆ ಸಿಗುವುದು ಶೇಕಡಾ 80ರಷ್ಟು. ಹಗಲಿನ ಉದ್ದವೂ ಜೂನ್ ಹಗಲಿಗಿಂತ ಒಂದೂವರೆ ಗಂಟೆ ಕಡಿಮೆ. ಈ ಎರಡೇ ಕಾರಣ: ಬಿಸಿಲಿನ ಓರೆ, ಹಗಲಿನ ಉದ್ದ. ಲಂಡನ್ನಿನಲ್ಲಿ ಎರಡೂ ವಿಪರೀತ. ಜೂನಿನಲ್ಲಿ ಹದಿನಾರೂವರೆ ಗಂಟೆಯ ಹಗಲು, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ, ಅದರಲ್ಲೂ ನಡುಹಗಲಿನ ಸೂರ್ಯ ದಿಗಂತದಿಂದ ಹದಿನೈದು ಅಂಶ ಮಾತ್ರ ಮೇಲೆ. ಅಲ್ಲಿ ಋತು ಎಂದರೆ ಬಿಸಿ ಮತ್ತು ಚಳಿ. ನಮ್ಮಲ್ಲಿ ಓರೆಯ ನೇರ ಪೆಟ್ಟು ಅಷ್ಟಿಲ್ಲ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಬೆಂಗಳೂರಿನ ನೆತ್ತಿಗೆ ಬಂದು ನೆರಳು ಕಾಲಡಿ ಅಡಗುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಏಪ್ರಿಲಿನಲ್ಲಿ ಬೇಯುತ್ತೇವೆ, ಆಗಸ್ಟಿನಲ್ಲಿ ಬೇಯುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಮೋಡವಿದೆ. ಆ ಮೋಡವನ್ನು ಕರೆತಂದದ್ದೂ ಅದೇ ಓರೆ: ಉತ್ತರಕ್ಕೆ ಸರಿದ ಸೂರ್ಯ ಏಷ್ಯಾದ ನೆಲವನ್ನು ಕಾಯಿಸಿದ, ಸಮುದ್ರದ ಗಾಳಿ ನೆಲದ ಕಡೆಗೆ ತಿರುಗಿತು.

ದೂರಕ್ಕೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ, ಆದರೆ ಶಾಖದ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಗ್ರೀಸಿನ ಹಿಪ್ಪಾರ್ಕಸ್ ವಸಂತಕ್ಕೆ 94½ ದಿನ, ಬೇಸಿಗೆಗೆ 92½ ದಿನ ಎಂದು ಎಣಿಸಿದ್ದ; ಟಾಲೆಮಿಯ ಗ್ರಂಥದಲ್ಲಿ ಆ ಅಂಕಿಗಳು ಉಳಿದಿವೆ. ನಮ್ಮ ಕಾಲದಲ್ಲಿ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮರಳಿ ಮಾರ್ಚಿಗೆ 179 ದಿನ. ದೂರದಲ್ಲಿರುವಾಗ ಭೂಮಿ ನಿಧಾನವಾಗಿ ನಡೆಯುವುದರಿಂದ ಈ ವ್ಯತ್ಯಾಸ. ಭಾರತದ ರಾಷ್ಟ್ರೀಯ ಕ್ಯಾಲೆಂಡರಿನಲ್ಲಿ ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳು ಸಾಲಾಗಿ 31 ದಿನದವು; ಆಶ್ವಯುಜದಿಂದ ಫಾಲ್ಗುಣದವರೆಗೆ 30. ಆಕಾಶವಾಣಿಯಲ್ಲಿ ಆ ದಿನಾಂಕ ಕೇಳಿ ಮರೆತವರಿಗೆ ಇದು ಸರ್ಕಾರಿ ವಿಚಿತ್ರವೆಂದು ತೋರಬಹುದು. ಅದು ಮಂದೋಚ್ಚದ ಗುರುತು.

ಈ ಕ್ಯಾಲೆಂಡರಿನಲ್ಲೇ ನನ್ನ ಎರಡನೆಯ ಪ್ರಶ್ನೆ ಹುಟ್ಟಿದ್ದು. ಅದರಲ್ಲಿ ಪುಷ್ಯ ಮಾಸದ ಮೊದಲ ದಿನ ಡಿಸೆಂಬರ್ 22. ಸೂರ್ಯ ದಕ್ಷಿಣದ ಕಡೆಯ ಮಿತಿ ಮುಟ್ಟಿ ಉತ್ತರಕ್ಕೆ ತಿರುಗುವುದು ಆಗಲೇ. ಹಾಗಿದ್ದೂ ನಾವು ಎಳ್ಳು ಬೀರುವುದು ಜನವರಿ 14 ಇಲ್ಲವೇ 15ಕ್ಕೆ. ಉತ್ತರಾಯಣ ಪುಣ್ಯಕಾಲ ಎಂದು ಗೋಡೆಯ ಕ್ಯಾಲೆಂಡರು ಅಚ್ಚು ಹಾಕುವುದೂ ಆ ದಿನಕ್ಕೇ. ನಡುವೆ ಇಪ್ಪತ್ತನಾಲ್ಕು ದಿನ ಎಲ್ಲಿ ಹೋದವು?

ಸೂರ್ಯಸಿದ್ಧಾಂತವನ್ನೇ ಮತ್ತೆ ಕೇಳಿದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ಮಕರ ಸಂಕ್ರಾಂತಿಯಿಂದ ಉತ್ತರಾಯಣ, ಅಲ್ಲಿಂದಲೇ ಎರಡೆರಡು ರಾಶಿಗೆ ಒಂದರಂತೆ ಶಿಶಿರ ಮೊದಲಾದ ಋತುಗಳು. ಬರೆದಾಗ ಅದು ಸರಿಯಾಗಿಯೇ ಇತ್ತು. ತೊಡಕು ಇರುವುದು ವರ್ಷದ ಉದ್ದದಲ್ಲಿ. ಗ್ರಂಥದ ವರ್ಷ ನಕ್ಷತ್ರಗಳಿಗೆ ಕಟ್ಟಿದ್ದು, 365.258756 ದಿನದ್ದು. ಋತುಗಳು ಮರುಕಳಿಸುವ ವರ್ಷ 365.2422 ದಿನದ್ದು. ವ್ಯತ್ಯಾಸ ವರ್ಷಕ್ಕೆ ಇಪ್ಪತ್ತನಾಲ್ಕು ನಿಮಿಷಕ್ಕಿಂತ ಕಡಿಮೆ. ಅರವತ್ತು ವರ್ಷಕ್ಕೆ ಒಂದು ದಿನವಾಗುತ್ತದೆ. ಭೂಮಿಯ ನಡುಭಾಗ ಉಬ್ಬಿರುವುದರಿಂದ ಚಂದ್ರ ಮತ್ತು ಸೂರ್ಯರ ಸೆಳೆತಕ್ಕೆ ಅದರ ಅಕ್ಷ, ವೇಗ ಕುಂದಿದ ಬುಗುರಿಯ ಹಾಗೆ, ಸುಮಾರು 25,800 ವರ್ಷಕ್ಕೊಂದು ಸುತ್ತು ತೊನೆಯುತ್ತದೆ. ಈ ತೊನೆತದಿಂದ ಓರೆಯ ಅಳತೆ ಬದಲಾಗುವುದಿಲ್ಲ, ಓರೆಯ ದಿಕ್ಕು ಬದಲಾಗುತ್ತದೆ. ಹಾಗಾಗಿ ಋತುಗಳಿಗೇನೂ ಆಗುವುದಿಲ್ಲ. ಅವುಗಳ ಹಿಂದಿನ ನಕ್ಷತ್ರ ಮಾತ್ರ ಬೇರೆಯಾಗುತ್ತದೆ. ಈ ಚಲನೆಯೊಂದರಿಂದಲೇ ಸುಮಾರು 71 ವರ್ಷಕ್ಕೆ ಒಂದು ದಿನ ಜಾರಬೇಕಿತ್ತು. ಸಿದ್ಧಾಂತದ ವರ್ಷ ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷ ಉದ್ದವಾದ್ದರಿಂದ ಜಾರುವಿಕೆ ಇನ್ನಷ್ಟು ಚುರುಕಾಗಿದೆ.

ಲೆಕ್ಕ ಸರಿಯೇ ಎಂದು ದಾಖಲೆಗಳಲ್ಲಿ ನೋಡಬೇಕಲ್ಲ. ಅದಕ್ಕೆ ನಮ್ಮ ಶಾಸನಗಳಷ್ಟು ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ಕಲ್ಯಾಣದ ಚಾಳುಕ್ಯರ, ಹೊಯ್ಸಳರ ಕಾಲದ ದತ್ತಿ ಶಾಸನಗಳಲ್ಲಿ ಉತ್ತರಾಯಣ ಸಂಕ್ರಾಂತಿಯ ಮಾತು ಮತ್ತೆ ಮತ್ತೆ ಬರುತ್ತದೆ. ಆಚಾರ್ಯರ ಕಾಲು ತೊಳೆದು, ಧಾರೆಯೆರೆದು, ಇಷ್ಟು ಮತ್ತರು ಗದ್ದೆ, ಇಷ್ಟು ಗಾಣ ಎಂದು ಬಿಟ್ಟದ್ದು ಆ ಪುಣ್ಯದಿನದಂದು. ಲೂಯಿ ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಇಂಥವು ಹೇರಳ. ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಜೆ.ಎಫ್. ಫ್ಲೀಟ್, ಕೀಲ್‌ಹಾರ್ನ್ ಮೊದಲಾದವರು ಒಂದೊಂದನ್ನೇ ತೂಗಿ ನೋಡಿದರು. 1896ರಲ್ಲಿ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಕೋಷ್ಟಕಗಳು ಬಂದವು, ಆಮೇಲೆ ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ ಪಂಚಾಂಗ. ಇವರಿಗೆ ಬೇಕಾಗಿದ್ದದ್ದು ರಾಜರ ಕಾಲ. ಆ ಕೆಲಸದ ಹೊಟ್ಟಿನಲ್ಲಿ ನನಗೆ ಬೇಕಾದ ಕಾಳಿತ್ತು.

ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕ್ರಿ.ಶ. 1100ರ ಸುಮಾರಿಗೆ ಉತ್ತರಾಯಣ ಸಂಕ್ರಾಂತಿ ಬೀಳುವುದು ಆಗಿನ ಜೂಲಿಯನ್ ಲೆಕ್ಕದ ಡಿಸೆಂಬರ್ 24 ಅಥವಾ 25ಕ್ಕೆ. ಅದೇ ಲೆಕ್ಕದಲ್ಲಿ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುತ್ತಿದ್ದದ್ದು ಡಿಸೆಂಬರ್ 15ರ ಆಸುಪಾಸಿಗೆ. ಧಾರೆಯ ನೀರು ಬಿಡುವ ಹೊತ್ತಿಗೆ ಉತ್ತರಾಯಣ ಹುಟ್ಟಿ ಒಂಬತ್ತು ಹತ್ತು ದಿನವಾಗಿತ್ತು. ಇಂದು ಅದು ಇಪ್ಪತ್ತನಾಲ್ಕಾಗಿದೆ. ನಡುವಿನ ಒಂಬೈನೂರು ಚಿಲ್ಲರೆ ವರ್ಷಕ್ಕೆ ಹದಿನೈದು ದಿನ; ಲೆಕ್ಕ ಕೂಡುತ್ತದೆ. ಹತ್ತಿರದ ಸಾಕ್ಷಿ ಬೇಕೆನ್ನುವವರಿಗೆ ವಿವೇಕಾನಂದರ ಜನ್ಮದಿನವಿದೆ. ಅವರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನ ಜನವರಿ 12. ನಾವು ಯುವ ದಿನ ಆಚರಿಸಿ ಎರಡು ಮೂರು ದಿನ ಕಳೆದ ಮೇಲೆ ಈಗ ಸಂಕ್ರಾಂತಿ ಬರುತ್ತದೆ. ಮಹಾಪುರುಷರ ಜಯಂತಿಯನ್ನು ಖಗೋಳದ ಗಡಿಯಾರವಾಗಿ ಬಳಸಿದ್ದಕ್ಕೆ ಯಾರೂ ಬೇಸರಿಸಲಾರರು ಎಂದುಕೊಂಡಿದ್ದೇನೆ.

ಇದೇ ಜಾರುವಿಕೆಯನ್ನು ಹಿಂದಕ್ಕೆ ಹಿಡಿದು ಹೋದರೆ ಸಿಗುವವನು ವರಾಹಮಿಹಿರ. ಅವನ ಪಂಚಸಿದ್ಧಾಂತಿಕೆಯ ಲೆಕ್ಕ ಶಕ 427ರಿಂದ, ಅಂದರೆ ಕ್ರಿ.ಶ. 505ರಿಂದ ಆರಂಭ. ಬೃಹತ್ಸಂಹಿತೆಯ ಮೂರನೆಯ ಅಧ್ಯಾಯ ತೆರೆಯುವುದೇ ಈ ವಿಷಯದಿಂದ. ಆಶ್ಲೇಷೆಯ ನಡುವಿನಿಂದ ದಕ್ಷಿಣಾಯನ, ಧನಿಷ್ಠೆಯ ಆರಂಭದಿಂದ ಉತ್ತರಾಯಣ ಎಂದು ಹಳೆಯ ಶಾಸ್ತ್ರಗಳು ಹೇಳುತ್ತವೆ; ಒಂದಾನೊಂದು ಕಾಲಕ್ಕೆ ಹಾಗೇ ಇದ್ದಿರಬೇಕು; ಈಗ ಅವು ಕರ್ಕಾಟಕ ಮತ್ತು ಮಕರದ ಆರಂಭದಲ್ಲಿವೆ ಎನ್ನುತ್ತಾನೆ. ಸಂಶಯವಿದ್ದರೆ ಪರೀಕ್ಷೆ ಮಾಡಿ ನೋಡಿ ಎಂದು ದಾರಿಯನ್ನೂ ತೋರಿಸುತ್ತಾನೆ: ಉದಯದಲ್ಲೋ ಅಸ್ತದಲ್ಲೋ ಸೂರ್ಯನನ್ನು ದೂರದ ಒಂದು ಗುರುತಿಗೆ ಹೊಂದಿಸಿ ನೋಡುವುದು, ಇಲ್ಲವೇ ದೊಡ್ಡ ವೃತ್ತ ಬರೆದು ನಡುವೆ ಶಂಕು ನೆಟ್ಟು ನೆರಳು ಒಳಬರುವ, ಹೊರಹೋಗುವ ಜಾಗಕ್ಕೆ ಗುರುತಿಡುವುದು. ಪೂರ್ವಶಾಸ್ತ್ರದ ಮಾತನ್ನು ಸುಳ್ಳೆನ್ನದೆ, ಕಣ್ಣಾರೆ ಕಂಡದ್ದನ್ನೂ ಬಿಟ್ಟುಕೊಡದೆ ಬರೆದ ಈ ಎರಡು ಮೂರು ಶ್ಲೋಕಗಳಿಗಾಗಿ ಅವನ ಮಿಕ್ಕ ಶಕುನಪ್ರಕರಣಗಳನ್ನೆಲ್ಲ ಕ್ಷಮಿಸಬಹುದು. (ಹೇಳಿದ ಜಾಗದಲ್ಲಿ ಸೂರ್ಯ ತಿರುಗದಿದ್ದರೆ ಅದು ಉತ್ಪಾತದ ಸೂಚನೆ ಎಂದು ಕೂಡಲೇ ಶಕುನಕ್ಕೆ ಹೊರಳುತ್ತಾನೆ ಎಂಬುದೂ ನಿಜ.)

ಅವನು ಹಳೆಯ ಶಾಸ್ತ್ರ ಎಂದದ್ದನ್ನು ಲಗಧನ ವೇದಾಂಗ ಜ್ಯೋತಿಷದಲ್ಲಿ ಕಾಣಬಹುದು. ಧನಿಷ್ಠೆಯ ಆರಂಭದಿಂದ ಮಕರದ ಆರಂಭಕ್ಕೆ 23 ಅಂಶ 20 ಕಲೆ. ಅಂಶಕ್ಕೆ 72 ವರ್ಷದಂತೆ ಹಿಡಿದರೆ ಲಗಧನ ಆಕಾಶ ವರಾಹಮಿಹಿರನಿಗಿಂತ ಸುಮಾರು 1,700 ವರ್ಷ ಹಿಂದಿನದು, ಕ್ರಿ.ಪೂ. 1200ರ ಸುಮಾರಿನದು. ಆಕಾಶ ಅಷ್ಟು ಹಳೆಯದೆಂದರೆ ಈಗಿರುವ ಪಠ್ಯವೂ ಅಷ್ಟೇ ಹಳೆಯದು ಎಂದಾಗುವುದಿಲ್ಲ. ಕಂಡದ್ದು ಒಂದು ಕಾಲದಲ್ಲಿ, ಬರೆದದ್ದು ಇನ್ನೊಂದು ಕಾಲದಲ್ಲಿ ಇರಬಹುದು. ಈ ಪುಟ್ಟ ಗ್ರಂಥವನ್ನು 1936ರಲ್ಲಿ ಮೈಸೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದವರೂ ಅವರೇ. ಅರ್ಥಶಾಸ್ತ್ರದ ಕಾಲಮಾನದ ಅಧ್ಯಾಯದಲ್ಲಿ ಆಷಾಢದ ನಡುಹಗಲು ನೆರಳೇ ಇರುವುದಿಲ್ಲ ಎಂಬ ಮಾತಿದೆ. ಇದು ಉಜ್ಜಯಿನಿಯ ಆಸುಪಾಸಿನ ಅಕ್ಷಾಂಶಕ್ಕೆ ಸಲ್ಲುವ ಮಾತು. ಶಾಸ್ತ್ರಿಗಳು ಕೂತು ತಾಳೆಗರಿ ಓದಿದ ಮೈಸೂರಿನಲ್ಲಿ ಜೂನ್ ಕೊನೆಯ ನಡುಹಗಲಿಗೆ ನೆರಳು ಇದ್ದೇ ಇರುತ್ತದೆ, ಅದೂ ದಕ್ಷಿಣಕ್ಕೆ ಬೀಳುತ್ತದೆ. ವೇದಾಂಗ ಜ್ಯೋತಿಷದ ಹಗಲಿನ ಲೆಕ್ಕವಂತೂ ಇನ್ನೂ ಉತ್ತರದ್ದು: ಅತಿ ದೊಡ್ಡ ಹಗಲು 18 ಮುಹೂರ್ತ, ಅತಿ ಚಿಕ್ಕದು 12. ಇಷ್ಟು ಅಂತರ ಬರಬೇಕಾದರೆ 35 ಅಂಶದ ಹತ್ತಿರ, ಕಾಶ್ಮೀರದಷ್ಟು ಉತ್ತರಕ್ಕೆ ಹೋಗಬೇಕು. ಇವತ್ತು ಉತ್ತರಾಯಣ ಆರಂಭವಾಗುವಾಗ ಸೂರ್ಯನಿರುವುದು ಧನು ರಾಶಿಯ ಮೂಲಾ ನಕ್ಷತ್ರದಲ್ಲಿ. ಧನಿಷ್ಠೆ, ಉತ್ತರಾಷಾಢೆ, ಮೂಲಾ: ಮೂರು ಕಾಲದ ಮೂರು ಗುರುತು.

1952ರ ನವೆಂಬರಿನಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಕ್ಯಾಲೆಂಡರ್ ಸುಧಾರಣಾ ಸಮಿತಿ ನೇಮಕವಾದಾಗ ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. 1955ರ ವರದಿ ಆಡಳಿತದ ತಿಂಗಳುಗಳನ್ನು ಋತುಗಳಿಗೆ ಕಟ್ಟಿತು, 1957ರ ಮಾರ್ಚ್ 22ರಿಂದ ಆ ರಾಷ್ಟ್ರೀಯ ಕ್ಯಾಲೆಂಡರು ಜಾರಿಗೆ ಬಂತು. ಹಬ್ಬಗಳು ನಕ್ಷತ್ರಗಳ ಜೊತೆಗೇ ಉಳಿದವು. ಜನ ಒಪ್ಪಿದ್ದು ಹಬ್ಬದ ಪಂಚಾಂಗವನ್ನು, ಗೆಜೆಟ್ಟಿನ ತಲೆಯ ಮೇಲೆ ಉಳಿದದ್ದು ಇನ್ನೊಂದು.

ಹಬ್ಬ ಜಾರಿದರೆ ಎಳ್ಳು ಬೆಲ್ಲದ ರುಚಿಯೇನೂ ಕೆಡುವುದಿಲ್ಲ. ಮಳೆ ಹಾಗಲ್ಲ. ನಮ್ಮ ರೈತರು ಮಳೆಗಾಲವನ್ನು ಎಣಿಸುವುದು ಸೂರ್ಯ ನಿಂತ ನಕ್ಷತ್ರದಿಂದ: ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರೆ ಜೂನ್ 22ಕ್ಕೆ, ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು. ಈ ನಕ್ಷತ್ರಗಳೂ ಸಂಕ್ರಾಂತಿಯ ಜೊತೆಗೇ ಜಾರುತ್ತವೆ. ಎಂಟುನೂರು ಚಿಲ್ಲರೆ ವರ್ಷಕ್ಕೆ ಒಂದು ನಕ್ಷತ್ರದಷ್ಟು. ಮುಂಗಾರು ಮಾತ್ರ ಓರೆಯ ಮಾತು ಕೇಳುವುದರಿಂದ ಜಾರುವುದಿಲ್ಲ. ಹಾಗಾದರೆ ಇಂದು ಜೂನ್ 8ಕ್ಕೆ ಬರುವ ಮೃಗಶಿರ, ಬಸವಣ್ಣನವರ ಕಾಲದಲ್ಲಿ ಈಗಿನ ಲೆಕ್ಕದ ಮೇ 25ರ ಹೊತ್ತಿಗೆ ಬರುತ್ತಿತ್ತು. ಆಗಿನ ಕಲ್ಯಾಣದ ಒಕ್ಕಲಿಗನಿಗೆ ಅದು ಬಿತ್ತುವ ಮಳೆಯಾಗಿರಲು ಸಾಧ್ಯವಿಲ್ಲ, ಅಡ್ಡಮಳೆಯ ಕಾಲ. ಅವನ ಬಿತ್ತನೆಯ ಮಳೆ ಆರಿದ್ರೆ. ಉತ್ತರ ಕರ್ನಾಟಕದಲ್ಲಿ ಮಿರಗದ, ಅಂದರೆ ಮೃಗಶಿರದ, ಸುತ್ತ ಬೆಳೆದಿರುವ ಬಿತ್ತನೆಯ ಗಾದೆ, ನಂಬಿಕೆಗಳಿಗೆ ಸಾವಿರಾರು ವರ್ಷದ ವಯಸ್ಸು ಹೇಳುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ಗಾದೆ ಹಳೆಯದಾಗಿದ್ದರೆ ಅದರೊಳಗಿನ ನಕ್ಷತ್ರ ಬದಲಾಗಿದೆ. ನಕ್ಷತ್ರ ಮೊದಲಿನದೇ ಆಗಿದ್ದರೆ ಗಾದೆ ಅಷ್ಟು ಹಳೆಯದಲ್ಲ.

ಪಂಚಾಂಗದೊಳಗೆ ಇದಕ್ಕೆ ಇನ್ನೊಂದು ಸುಳಿವಿದೆ. ವರ್ಷದ ಮೇಘಾಧಿಪತಿ ಯಾರೆಂದು ನಿರ್ಧರಿಸುವುದು ಸೂರ್ಯ ಆರಿದ್ರೆಯನ್ನು ಹೊಗುವ ದಿನದ ವಾರದಿಂದ. ಮೃಗಶಿರದಿಂದ ಅಲ್ಲ. ಕ್ರಿ.ಶ. 500ರಿಂದ 1100ರವರೆಗೆ ಆರಿದ್ರೆಯ ಪ್ರವೇಶ ಈಗಿನ ಲೆಕ್ಕದ ಮೇ ಕೊನೆಯಿಂದ ಜೂನ್ 7ರವರೆಗೆ ಸರಿದಿತ್ತು. ದಕ್ಷಿಣದಲ್ಲಿ ಮುಂಗಾರು ಕಾಲಿಡುವುದು ಆ ದಿನಗಳಲ್ಲೇ. ಕೇರಳಕ್ಕೆ ಜೂನ್ 1, ನಮಗೆ ಅದರ ಬೆನ್ನಿಗೇ. ಮೇಘಾಧಿಪತಿಯ ಸೂತ್ರ ಆ ಶತಮಾನಗಳ ದಕ್ಷಿಣದ ಕೂಸು ಎಂದು ಬರೆದುಬಿಡುವ ಆಸೆ ನನಗೂ ಆಯಿತು. ಆದರೆ ಗಂಗೆಯ ಬಯಲಿನವರು ತಕರಾರು ತೆಗೆಯಬಲ್ಲರು: ಅಲ್ಲಿ ಮುಂಗಾರು ಮುಟ್ಟುವುದೇ ಜೂನ್ ಮೂರನೆಯ ವಾರದಲ್ಲಿ, ಈಗಿನ ಆರಿದ್ರೆ ಅವರಿಗೆ ಸರಿಯಾಗಿ ಹೊಂದುತ್ತದೆ. ಸೂತ್ರ ಹಳೆಯ ದಕ್ಷಿಣದ್ದೂ ಆಗಬಹುದು, ಇತ್ತೀಚಿನ ಉತ್ತರದ್ದೂ ಆಗಬಹುದು. ಈ ಒಂದೇ ಸಾಕ್ಷಿಯಿಂದ ತೀರ್ಪು ಕೊಡಲಾಗದು. ಇಂದಿನ ಕರ್ನಾಟಕದ ಬಿತ್ತನೆಗಂತೂ ಅದು ಎರಡು ವಾರ ತಡ. ಯುಗಾದಿಯ ಪಂಚಾಂಗ ಶ್ರವಣದಲ್ಲಿ ಪುರೋಹಿತರು ಆರಿದ್ರೆಯ ಪ್ರವೇಶ ಹಿಡಿದು ಮೇಘಾಧಿಪತಿಯ ಹೆಸರು ಓದುತ್ತಾರೆ. ಕೇಳಿ ಎದ್ದು ಹೋದವರು ಕೂರಿಗೆ ಹೂಡುವುದು ಮಿರಗಕ್ಕೆ.